ಲೈಲ್ ಟ್ಯಾಕೆಟ್ ಅದಲುಬದಲು

ಲೈಲ್ ಟ್ಯಾಕೆಟ್‌ಗೆ ಎಲ್ಲ ಜಾಗದಲ್ಲೂ ಆಡಲು ಬರುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ. ಹಾರ್ಲನ್ ಬೇ ಊರಿನ ಹೆರಾನ್ಸ್ ಬೇಸ್‌ಬಾಲ್ ತಂಡದಲ್ಲಿ ಯಾರ ಬೆರಳು ಮುರಿದರೂ, ಯಾರ ಹೆಂಡತಿ ಹೆತ್ತರೂ, ಆ ಜಾಗಕ್ಕೆ ಲೈಲ್. ಮೊದಲ ಬೇಸ್, ಎರಡನೆಯದು, ಮೂರನೆಯದು, ನಡುವಿನ ಶಾರ್ಟ್‌ಸ್ಟಾಪ್, ಎಲ್ಲೆಂದರಲ್ಲಿ ಅವನು ಅಡುಗೆಮನೆಯ ಈರುಳ್ಳಿಯ ಹಾಗೆ ಸಲ್ಲುತ್ತಿದ್ದ. ಅಂಥವನನ್ನು ಬೇರೆ ತಂಡದವರು ಕೇಳದೆ ಬಿಡುತ್ತಾರೆಯೇ?

ಡಿಸೆಂಬರಿನ ಒಂದು ಬೆಳಿಗ್ಗೆ ಅವನು ಮನೆ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದ. ಬೀದಿಯೆಲ್ಲ ಇನ್ನೂ ನಿದ್ದೆಗಣ್ಣಿನಲ್ಲಿತ್ತು. ಪಕ್ಕದ ಮನೆಯ ಮಿಸೆಸ್ ಬ್ರಂಟ್ ಚಪ್ಪಲಿಯಲ್ಲೇ ಓಡಿ ಬಂದರು.

“ಲೈಲ್, ಯಾಕಪ್ಪ ಒದ್ದಾಡ್ತೀಯ? ಇದು ಇನ್ಮೇಲೆ ನಿನ್ನ ಹಿಮ ಅಲ್ಲ!”

“ಮತ್ಯಾರದ್ದು?”

“ಡಾರಿಯಸ್ ಪೋಕ್‌ದು. ಫ್ಲಾರಿಡಾದ ಪಿಚರ್ ಇಲ್ವಾ, ಚೆಂಡೆಸೆಯೋನು? ನಿನ್ನ ಕೊಟ್ಟು ಅವನ್ನ ತಗೊಂಡ್ರಂತೆ. ರೇಡಿಯೋದಲ್ಲಿ ಬಂತು. ನಿಂಗೆ ಹೇಳ್ಲಿಲ್ವಾ?”

ಹೇಳಲು ತಂಡದವರು ಫೋನು ಮಾಡಿದ್ದರು. ಫೋನು ಒಳಗಿತ್ತು, ಅವನು ಹೊರಗಿದ್ದ. ಒಳಗೆ ಹೆಂಡತಿ ಕೊರಿನ್ ಅವನ ಮೊಬೈಲನ್ನು ಎದೆಗೊತ್ತಿಕೊಂಡು ನಿಂತಿದ್ದಳು.

“ಸಮುದ್ರ, ಲೈಲ್! ಬಾಗಿಲು ತೆಗೆದ್ರೆ ಸಮುದ್ರ!”

“ನಾನು ಇಲ್ಲೇ ಆಡಿ, ಇಲ್ಲೇ ರಿಟೈರ್ ಆಗ್ಬೇಕು ಅಂತಿದ್ದೆ,” ಎಂದ ಲೈಲ್ ಸಣ್ಣ ದನಿಯಲ್ಲಿ.

“ನೀನು ಆಡ್ತಿದ್ದೆ. ನಾನು ಹೆಪ್ಪುಗಟ್ತಿದ್ದೆ.”

ಹಿಂದೆಯೇ ಬಂದಿದ್ದ ಮಿಸೆಸ್ ಬ್ರಂಟ್, “ಅವರಿಗೂ ಮನೆ ಬೇಕು, ನಿಮಗೂ ಬೇಕು. ಮನೆಗಳನ್ನೂ ಬದಲಾಯಿಸ್ಕೊಂಡು ಬಿಡಿ! ನಂಬರು ನಾನು ಹುಡುಕ್ತೀನಿ,” ಎಂದರು. ಕಾಫಿ ಆರುವಷ್ಟರಲ್ಲಿ ಕೊರಿನ್, ಪೋಕ್‌ನ ಹೆಂಡತಿ ಇಬ್ಬರೂ ಫೋನಿನಲ್ಲೇ ಮಾತು ಮುಗಿಸಿದರು: ಒಂದು ವರ್ಷಕ್ಕೆ ಮನೆ ಅದಲುಬದಲು, ಇವತ್ತೇ ಹೊರಡುವುದು. ಮಧ್ಯಾಹ್ನದ ವಿಮಾನಕ್ಕೆ ಕೊರಿನ್ ಒಂದೇ ಪೆಟ್ಟಿಗೆ ಹಿಡಿದು ಹೊರಟಳು. “ನೀನು ಸಾಮಾನು ಕಟ್ಕೊಂಡು ನಿಧಾನವಾಗಿ ಬಾ,” ಎಂದಳು.

ಆಮೇಲೆ ಬೀದಿಯವರು ಸಮಾಧಾನ ಹೇಳಲು ಬಂದರು. ಬಂದವರು ಬರಿಗೈಯಲ್ಲಿ ಹೋಗಲಿಲ್ಲ. “ಫ್ಲಾರಿಡಾದಲ್ಲಿ ನಿಂಗ್ಯಾಕಪ್ಪ ಇದು?” ಎನ್ನುತ್ತ ಒಬ್ಬ ಸಲಿಕೆ ಒಯ್ದ, ಇನ್ನೊಬ್ಬ ಉಣ್ಣೆಯ ಕಂಬಳಿಗಳನ್ನು ಹೊತ್ತ, ಕ್ಷೌರಿಕನಂತೂ ಗೂಟದಲ್ಲಿದ್ದ ದಪ್ಪ ಕೋಟನ್ನು ಹಾಕಿಕೊಂಡೇ ಅತ್ತ. ಲೈಲ್ ತೆಳ್ಳನೆಯ ಸ್ವೆಟರಿನಲ್ಲಿ ಉಳಿದ.

ಸಂಜೆ ಮನೆಯಲ್ಲಿ ನಿಲ್ಲಲಾಗದೆ ಅವನು ಆಟದ ಮೈದಾನಕ್ಕೆ ನಡೆದ. ಮೈದಾನ ನೋಡಿಕೊಳ್ಳುವ ಮುದುಕ ಎಮಿಲ್ ಗೇಟು ತೆಗೆದ. ಒಳಗೆ ಗೆರೆಯಿಲ್ಲ, ಹುಲ್ಲಿಲ್ಲ, ಎಲ್ಲ ಬಿಳಿ. ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ಕೂತ ಹಿಮ, ಬಿಳಿ ಬಟ್ಟೆ ತೊಟ್ಟು ಉಸಿರು ಬಿಗಿಹಿಡಿದ ಜನರ ಹಾಗಿತ್ತು. ಲೈಲ್ ಮೊದಲ ಬೇಸ್ ಇರಬಹುದಾದಲ್ಲಿ ನಿಂತ. ಆಮೇಲೆ ಎರಡನೆಯದರಲ್ಲಿ. ಹಿಂದಿರುಗಿ ನೋಡಿದರೆ ಹೆಜ್ಜೆಗಳನ್ನು ಹಿಮ ಮೆಲ್ಲಗೆ ತುಂಬಿಬಿಟ್ಟಿತ್ತು. ಎಂದೋ ಯಾವುದೋ ಬೇಸಿಗೆಯಲ್ಲಿ ಯಾರೋ ಎತ್ತಿ ಹೊಡೆದ ಚೆಂಡೊಂದು ಈಗ ಚೂರುಚೂರಾಗಿ, ಅವಸರವಿಲ್ಲದೆ ಇಳಿಯುತ್ತಿದೆ ಅನ್ನಿಸಿತು. ಅವನು ಅಂಗೈ ಚಾಚಿದ.

“ಏನು ಹಿಡೀತಾ ಇದ್ದೀಯೋ?” ಎಂದು ಎಮಿಲ್ ದೂರದಿಂದ ಕೂಗಿದ.

“ಬಂದಿದ್ದನ್ನ!” ಎಂದ ಲೈಲ್.

ಆಗ ಜೇಬಿನಲ್ಲಿ ಫೋನು ಅದುರಿತು. ತಂಡದ ಮ್ಯಾನೇಜರು.

“ಲೈಲ್, ವ್ಯವಹಾರ ಮುರೀತು ಕಣೋ. ಅವರ ಡಾಕ್ಟ್ರು ನಿನ್ನ ಮೊಣಕಾಲಿನ ಎಕ್ಸ್‌ರೇ ನೋಡಿ, ಈ ಮನುಷ್ಯ ಬೇಡ ಅಂದ್ರಂತೆ. ಪೋಕ್‌ನೂ ವಾಪಸ್ ಕಳಿಸ್ಬೇಕು. ನೀನು ನಮ್ಮವನೇ!”

ತನ್ನ ಕಾಲು ಕೆಟ್ಟಿದೆಯೆಂದು ಕೇಳಿ ಅಷ್ಟು ಎತ್ತರಕ್ಕೆ ಹಾರಿದವನು ಆ ಊರಿನಲ್ಲಿ ಇನ್ನೊಬ್ಬನಿಲ್ಲ. ಕೆಳಗೆ ಬಂದಾಗ ಆ ಕಾಲೇ ಉಳುಕಿತು. ಕುಂಟುತ್ತ, ನಗುತ್ತ, ಹಲ್ಲು ಕಟಕಟಿಸುತ್ತ ಮನೆ ಸೇರಿದ.

ಮನೆಯ ತುಂಬ ದೀಪ. ಸೋಫಾದ ಮೇಲೆ ನಾಲ್ಕು ಮಕ್ಕಳು ಒಂದರ ಮೇಲೊಂದು ಬಿದ್ದು ನಿದ್ದೆಹೋಗಿದ್ದವು. ಬಾಗಿಲಷ್ಟೆತ್ತರದ ಆಳೊಬ್ಬ ಕೊರಿನ್‌ಳ ಏಪ್ರನ್ ಕಟ್ಟಿಕೊಂಡು, ಪಾತ್ರೆಯಲ್ಲಿ ಸೂಪು ತಿರುವುತ್ತಿದ್ದ. ಡಾರಿಯಸ್ ಪೋಕ್.

“ನಂಗೂ ಫೋನ್ ಬಂತು ಬ್ರದರ್,” ಎಂದ ಅವನು ತಲೆ ತಗ್ಗಿಸಿ. “ಈಗ್ಲೇ ಹೊರಟುಬಿಡ್ತಿದ್ವಿ. ಹೋಗೋದೆಲ್ಲಿಗೆ? ನಮ್ಮನೆ ಬಿಟ್ಟುಕೊಡಲ್ಲ ಅಂತಿದಾರೆ ನಿಮ್ಮ ಮನೆಯವರು. ನೀವೇ ಮಾತಾಡಿ.”

ಫೋನಿನಲ್ಲಿ ಮೊದಲು ಕೇಳಿಸಿದ್ದು ಅಲೆಗಳ ಸದ್ದು.

“ಕೊರಿನ್, ವಾಪಸ್ ಬಾ! ನನ್ನನ್ನ ಇಲ್ಲೇ ಇಟ್ಕೊಂಡ್ರು!”

“ಒಳ್ಳೇದಾಯ್ತು,” ಎಂದಳು ಕನಸಿನಲ್ಲಿ ಮಾತಾಡುವವಳಂತೆ. “ನಿನ್ನನ್ನ ಕೊಟ್ಟಿದ್ದೂ ಅವ್ರೇ, ವಾಪಸ್ ತಗೊಂಡಿದ್ದೂ ಅವ್ರೇ. ನಾನೇನು ಟೀಮಲ್ಲಿದ್ದೀನಾ? ಒಂದು ವರ್ಷಕ್ಕೆ ಅಂತ ಮಾತಾಗಿದೆ, ಒಂದು ವರ್ಷ ಇರ್ತೀನಿ. ಈಗ ಕಾಲು ನೀರಲ್ಲಿದೆ, ಆಮೇಲೆ ಫೋನ್ ಮಾಡು.”

ಸಂಪರ್ಕ ಕಡಿಯಿತು. ಪೋಕ್ ಸೂಪಿನ ಬಟ್ಟಲನ್ನು ಅವನ ಕೈಗಿತ್ತು, ಸಂಕೋಚದಿಂದ ಕೇಳಿದ: “ಮಂಚದ ಮೇಲೆ ನನ್ನ ಹೆಂಡ್ತಿ ಮಲಗಿಬಿಟ್ಟಿದ್ದಾಳೆ. ಸ್ನಾನದ ತೊಟ್ಟೀಲಿ ಹಾಸಿಕೊಟ್ರೆ ನಿಮಗೆ ಆಗುತ್ತಾ?”

ಲೈಲ್ ಬಚ್ಚಲಮನೆಯತ್ತ ಇಣುಕಿ, ತೊಟ್ಟಿಯ ಉದ್ದವನ್ನು ಕಣ್ಣಲ್ಲೇ ಅಳೆದ.

“ಕಾಲು ಮಡಚಕ್ಕಾದ್ರೆ ಆಗುತ್ತೆ,” ಎಂದ.