ಪ್ರತಿಪಾದಿಸಿದ ಫರಸಿ

ಕೆಲವರಿಗೆ ಜರ್ದಾದ ಚಟವಿರುತ್ತದೆ, ನನಗೆ ಒಂದು ಕ್ರಿಯಾಪದದ್ದು. ನಿಜಾಮರ ಸರ್ಕಾರದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಕಲಿತದ್ದು ಮಠದ ಕಟ್ಟೆಯ ಮೇಲೆ, ಅದೂ ಮೂರೇ ವರ್ಷ. ಅಲ್ಲಿಂದ ಹೊತ್ತು ತಂದ ಒಂದೇ ಆಸ್ತಿ ‘ಪ್ರತಿಪಾದಿಸು’. ಎದೆ ತಟ್ಟಿ, ಅನುಮಾನಕ್ಕೆ ಜಾಗವಿಲ್ಲದಂತೆ ಹೇಳುವುದು ಎಂದು ಮಠದ ಅಯ್ಯನವರು ಅರ್ಥ ಹೇಳಿದ್ದರು. “ರೊಟ್ಟಿ ತಿಂದೆ ಅಂತ ಹೇಳಬೇಕಪಾ, ಪ್ರತಿಪಾದಿಸಬಾರದು” ಎಂದೂ ಎಚ್ಚರಿಸಿದ್ದರು. ನಾನು ರೊಟ್ಟಿಯನ್ನೂ ಬಿಡಲಿಲ್ಲ. ಕೇಳಿದವರು ತಲೆಬಾಗುತ್ತಿದ್ದರು. ಅರ್ಥವಾಗದ್ದಕ್ಕೇ ಇರಬೇಕು.

ಶಹಾಬಾದಿನ ಕಲ್ಲುಗಣಿಯಲ್ಲಿ ನನ್ನ ಕೆಲಸ ಫರಸಿಯನ್ನು, ಅಂದರೆ ಹಾಸುಗಲ್ಲನ್ನು, ಸುತ್ತಿಗೆಯಿಂದ ತಟ್ಟಿ ನೋಡುವುದು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಸೀಳಿದ್ದು ಧಪ್ ಎನ್ನುತ್ತದೆ. ಚಿತ್ತಾಪುರದಲ್ಲಿ ನನ್ನ ಅಕ್ಕ ಗುರಮ್ಮ ಮನೆ ಕಟ್ಟಿಸುವಾಗ ಮಾಳಿಗೆಗೆ ಹೊದಿಸಲು ಫರಸಿ ಕಳಿಸಿದವನೂ ನಾನೇ. ಬಿಸಿಲು ಏರುತ್ತಿತ್ತು, ಬಂಡಿಯವನು ಅವಸರ ಮಾಡುತ್ತಿದ್ದ. ಮೇಲಿನ ನಾಲ್ಕು ತಟ್ಟಿದೆ. ಉಳಿದವೂ ಅದೇ ಪದರದವಲ್ಲವೇ? ಚೀಟಿ ಬರೆದೆ: “ಎಲ್ಲ ಕಲ್ಲೂ ಗಟ್ಟಿಯೆಂದು ಪ್ರತಿಪಾದಿಸುತ್ತೇನೆ.”

ಮುಂದಿನದನ್ನು ಅಕ್ಕನೇ ಹೆಮ್ಮೆಯಿಂದ ನನಗೆ ಹೇಳಿದಳು. ಮನೆ ಕಟ್ಟುತ್ತಿದ್ದ ಗೌಂಡಿ ಲಾಲಸಾಬ ಒಂದು ಕಲ್ಲನ್ನು ತಟ್ಟಿ, “ಅಕ್ಕಾರ, ಇದು ಒಡಕ ಗಡಗಿ ಬಡದಂಗ ಅಂತದ. ಹಾಕೋದು ಬ್ಯಾಡ್ರಿ” ಎಂದನಂತೆ.

“ನನ ತಮ್ಮ ಬರದು ಕಳಸ್ಯಾನ. ನಿನ ಕಿವಿ ಕೆಟ್ಟದ ನೋಡು. ಸುಮ್ನ ಏರಸು!”

ಏರಿಸಿದ. ಮೊದಲ ಮಳೆಗೆ ಅಕ್ಕನ ಗಂಡನ ನೆತ್ತಿಯ ಮೇಲೆ ಸರಿಯಾಗಿ ಸೋರಿತು.

ಸುದ್ದಿ ತಿಳಿದು ಹೋದೆ. ಅಂಗಳದಲ್ಲಿ ಲಾಲಸಾಬ ತಲೆ ತಗ್ಗಿಸಿ ನಿಂತಿದ್ದ. “ಕೂಡಸೂ ಹೊತ್ತಿನ್ಯಾಗ ತಾನೇ ಒಡದು, ತಪ್ಪು ನನ ತಮ್ಮನ ಮ್ಯಾಲ ಹಾಕ್ತಾನ!” ಎಂದು ಅಕ್ಕ ಕೂಗಾಡುತ್ತಿದ್ದಳು.

ಅವನು ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ: “ಎಲ್ಲಾ ಬಡದು ನೋಡಿದ್ರೇನ್ರಿ?”

ಕಲ್ಲಿನ ದನಿ ಬಲ್ಲವನಿಗೆ ಮನುಷ್ಯನ ದನಿ ತಿಳಿಯದೇ? ಆದರೂ “ಎಲ್ಲಾ ನೋಡೀನಿ” ಎಂದೆ, ಎದೆ ತಟ್ಟಿಯೇ. ಧಪ್ ಎಂದಿತು. ಅಕ್ಕನಿಗೆ ಕೇಳಿಸಲಿಲ್ಲ.

ಮಾಳಿಗೆ ಮುಗಿದಾಗ ಗೌಂಡಿಗೆ ಮುಂಡಾಸು ಸುತ್ತುವುದು ನಮ್ಮ ಕಡೆಯ ರೂಢಿ. ಅದಕ್ಕೆಂದು ತಂದು ಇನ್ನೂ ಕೊಡದೆ ಇಟ್ಟಿದ್ದ ಕೆಂಪು ಬಟ್ಟೆಯನ್ನು ಅಕ್ಕ ಅವನ ಎದುರಿಗೇ ನನ್ನ ತಲೆಗೆ ಸುತ್ತತೊಡಗಿದಳು. “ಇವಂಗ್ಯಾಕ? ನೀ ಸುತಗೋ. ನಿನ ಮಾತಿಗರೆ ಒಂದು ತೂಕ ಅದ.”

“ಬ್ಯಾಡಕ್ಕಾ” ಎಂದೆ. ಬರೀ ಹೇಳಿದೆ. ಪ್ರತಿಪಾದಿಸಲಿಲ್ಲ.