ಶೀಟಿನ ಅಂಗಡಿಯ ಯಜಮಾನರಿಗೆ, ಅಕ್ಕನ ಕೋಣೆಯ ಸೂರಿನ ವಿಷಯವಾಗಿ

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಅಂಗಡಿಯ ಗಾಜಿನ ಮೇಜಿನ ಮೇಲೆ ಸದಾ ಹರಡಿಕೊಂಡಿರುವ ಇಪ್ಪತ್ತೆರಡು ಬಣ್ಣದ ಶೀಟಿನ ತುಂಡುಗಳಿಗೂ ನನ್ನ ತುಂಬು ಹೃದಯದ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಸ್ವಂತ ಮನೆಗೆ ಕಾಂಕ್ರೀಟಿನ ತಾರಸಿ ಇದೆಯೆಂದೂ ನಂಬಿದ್ದೇನೆ.

ತಮ್ಮ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಮಹಡಿಯ ಮೇಲಿನ ಕೋಣೆಗೆ ಲೋಹದ ಸೂರು ಹಾಕಿಸಲೆಂದು ನಮ್ಮ ಇಡೀ ಸಂಸಾರ ನಾಲ್ಕು ಸಲ ತಮ್ಮಲ್ಲಿಗೆ ದಂಡೆತ್ತಿ ಬಂದಾಗಲೂ ತಾವು ಹುಬ್ಬು ಗಂಟಿಕ್ಕಲಿಲ್ಲ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ ಎಂದಿರಿ. ಜಿಂಕ್ ಶೀಟು ಗಟ್ಟಿ ಎಂದಿರಿ. ಬಣ್ಣದ ಶೀಟು ಚೆಂದ ಎಂದಿರಿ. ಚೆಂದ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಉಳಿದೆರಡನ್ನೂ ನಾವು ಮರೆತೆವು. ನನ್ನ ಹೆಂಡತಿ ಇಟ್ಟಿಗೆ ಕೆಂಪು ಎಂದಳು, ಮಗಳು ಎಲೆ ಹಸಿರು ಎಂದಳು, ಅಳಿಯ ಫೋನಿನಲ್ಲಿ ಫೋಟೊ ನೋಡಿಯೇ ಬೂದು ಬಣ್ಣದ ಘನತೆ ಬೇರಾವುದಕ್ಕೂ ಇಲ್ಲವೆಂದು ಅಪ್ಪಣೆ ಕೊಡಿಸಿದ. ಮೂರು ವಾರ ಮನೆಯಲ್ಲಿ ಮುಖ ಕೊಟ್ಟು ಮಾತಾಡುವವರಿಲ್ಲದಂತಾಗಿ, ಕಡೆಗೆ ನಾನೇ ಗಟ್ಟಿ ಮನಸ್ಸು ಮಾಡಿ ಕಡುನೀಲಿ ಎಂದು ತೀರ್ಪು ಕೊಟ್ಟೆ. ಆ ಬಣ್ಣ ಯಾರಿಗೂ ಬೇಕಿರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು.

ಆ ಕೋಣೆ ನನ್ನ ಅಕ್ಕನದು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಅಕ್ಕನಿಗೆ ಆರು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಕೊನೆಯ ಸಲ ಅವಳೂ ನಮ್ಮ ಜೊತೆ ಅಂಗಡಿಗೆ ಬಂದಿದ್ದಳು. ಒಂದು ತುಂಡನ್ನು ಬೆರಳಿನಿಂದ ತಟ್ಟಿ, "ಮಳೆ ಬಂದ್ರೆ ಇದು ಎಷ್ಟು ಸದ್ದು ಮಾಡುತ್ತೆ?" ಎಂದು ಕೇಳಿದಳು. ತಾವು ಮುಗುಳ್ನಕ್ಕು, "ಅಮ್ಮಾ, ಈ ನೀಲಿ ಒಂದ್ಸಲ ನೋಡಿ" ಎಂದು ಬಣ್ಣದ ಪಟ್ಟಿಯನ್ನು ಅವಳ ಕೈಗಿತ್ತಿರಿ. ವ್ಯಾಪಾರದಲ್ಲಿ ಇಂಥ ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಆಗ ಏನು ಮಾಡುತ್ತಿದ್ದೆನೆಂದರೆ, ಅದೇ ನೀಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಸದ್ದು ತಗ್ಗಿಸಲು ಶೀಟಿನ ಅಡಿಗೆ ಫೋಮಿನ ಪದರ ಹಾಕುತ್ತಾರೆಂಬ ಸಂಗತಿ, ಕೊನೆಯ ಸ್ಕ್ರೂ ಬಿಗಿದಾದ ಮೇಲೆ ತಮ್ಮ ಮೇಸ್ತ್ರಿಯ ಬಾಯಿಂದ ತಿಳಿಯಿತು.

ದಿನಾ ಸಂಜೆ ನಾಲ್ಕಕ್ಕೆ ನಾನು ಅವಳಿಗೆ ಪುಸ್ತಕ ಓದಿ ಹೇಳುತ್ತೇನೆ. ಒಂದು ಪದ ಹಾರಿಸಿದರೂ ಹಿಡಿಯುತ್ತಾಳೆ. ಅವಳ ಪಾಲಿಗೆ ದಿನವೆಂದರೆ ಆ ಒಂದು ಗಂಟೆ. ಈಗ ಹನ್ನೊಂದು ದಿನಗಳಿಂದ ಮಳೆಯೂ ನಾಲ್ಕಕ್ಕೇ ಬರುತ್ತಿದೆ. ಪತ್ತೇದಾರಿ ಕಾದಂಬರಿಯ ಕಡೆಯ ಅಧ್ಯಾಯವನ್ನು ಗಂಟಲು ಹರಿಯುವಂತೆ ಕಿರುಚಿ ಓದಿದ್ದರ ಫಲವಾಗಿ, ಕೊಲೆಗಾರ ಯಾರೆಂಬುದು ಎದುರುಬದಿಯ ಇಸ್ತ್ರಿ ಅಂಗಡಿಯವನಿಗೂ ಗೊತ್ತಾಗಿದೆ, ಅಕ್ಕನಿಗೆ ಗೊತ್ತಾಗಿಲ್ಲ. ನಿನ್ನೆ ಅವಳು ಕೈಯೆತ್ತಿ ನನ್ನನ್ನು ತಡೆದು, "ಇರ್ಲಿ ಬಿಡೋ, ಗಂಟಲು ಕೆಡುತ್ತೆ" ಎಂದಳು. ನನಗದು ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ಅವಳಿಗೆ ಆ ಅನುಕೂಲವೂ ಇಲ್ಲ. ನನಗೆ ಬಹಳ ನಾಚಿಕೆಯಾಯಿತು.

ಆದ್ದರಿಂದ ತಮ್ಮಂಥ ಸಮರ್ಥರಲ್ಲಿ ಒಂದೆರಡು ಸಣ್ಣ ಬಿನ್ನಹ. ತಾವು ಮಳೆಯ ಜೊತೆ ಮಾತಾಡಿ, ನಾಲ್ಕರಿಂದ ಐದರವರೆಗೆ ಅದು ತುದಿಗಾಲಲ್ಲಿ ಇಳಿಯುವಂತೆ ಒಪ್ಪಿಸಬೇಕು. ಒಪ್ಪದಿದ್ದರೆ ಮೋಡಗಳ ಮುಂದೆ ತಮ್ಮ ಬಣ್ಣದ ಪಟ್ಟಿಯನ್ನು ಹರಡಿಬಿಡಿ, ಆರಿಸುವುದರಲ್ಲೇ ಅವಕ್ಕೆ ಮೂರು ವಾರ ಕಳೆಯುತ್ತದೆ. ಇವೆರಡೂ ಕಷ್ಟವೆನಿಸಿದರೆ ಮಾತ್ರ, ಶೀಟು ಬಿಚ್ಚಿ ಫೋಮ್ ಹಾಕಿ ಮತ್ತೆ ಕೂರಿಸಲು ಮೇಸ್ತ್ರಿಯನ್ನು ಕಳಿಸಿಕೊಡಿ. ಬಣ್ಣ ಯಾವುದಾದರೂ ಆದೀತು.

ಎಂದೆಂದೂ ತಮ್ಮ ವಿಶ್ವಾಸಿ,
ಕಡುನೀಲಿಯ ತೀರ್ಪುಗಾರ

ಮರೆತ ಮಾತು: ಅಂಚೆಗೆ ಹಾಕುವ ಮುನ್ನ ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ತಮ್ಮ ತಾಳ್ಮೆಯ ಹೊಗಳಿಕೆ ಮುಗಿಯುವಷ್ಟರಲ್ಲಿ ಮಳೆ ಶುರುವಾದ್ದರಿಂದ ಅವಳಿಗೆ ಕೇಳಿಸಿದ್ದು ಅಷ್ಟೇ. ಇಷ್ಟು ಒಳ್ಳೆಯ ಮನುಷ್ಯರನ್ನು ಮನೆಗೆ ಕರೆದು ಉಪಚರಿಸಲೇಬೇಕೆಂದು ಹಟ ಹಿಡಿದಿದ್ದಾಳೆ. ದಯವಿಟ್ಟು ನಾಲ್ಕು ಗಂಟೆಗೇ ಬನ್ನಿ. ನಿಜ ಸಂಗತಿಯನ್ನು ತಾವೇ ಅವಳಿಗೆ ಹೇಳಿಬಿಡಿ, ನಾನು ಹೇಳಿದ್ದಂತೂ ಕೇಳಿಸಲಿಲ್ಲ.