ಕೂತವರು ಏಳಲೊಲ್ಲದ ಕಾರು

"ಈ ಭಾನುವಾರ ಆ ಕಾರಲ್ಲಿ ನಾನು ಕೂತೇ ಕೂರ್ತೀನಿ. ಕೂತು ಫೋಟೋ ತೆಗೆಸ್ಕೋತೀನಿ. ಅದನ್ನ ನೋಡಿ ನಿನ್ನ ತಮ್ಮ ತನ್ನ ಡಬ್ಬಾನ ಮಾರಿ ಸೈಕಲ್ ತಗೋಬೇಕು!"

ಹೀಗೆಂದು ವಿಶೇಷಣರಾಯರು ಊಟದ ಮೇಜನ್ನು ಗುದ್ದಿ ಭೀಷ್ಮಪ್ರತಿಜ್ಞೆ ಮಾಡಿದರು. ದೇವತೆಗಳು ಹೂಮಳೆ ಸುರಿಸಲಿಲ್ಲವಾದರೂ ಲೋಟದ ನೀರು ಹೆಂಡತಿಯ ಮಡಿಲಿಗೆ ಸುರಿಯಿತು.

ವಿಶೇಷಣರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಕೊಟ್ಟ ಬಿರುದು. ಹಳೆಯ ವಸ್ತುಗಳನ್ನು ಹರಾಜು ಹಾಕುವ ಕಂಪನಿಯಲ್ಲಿ ಸರಕಿನ ವರ್ಣನೆ ಬರೆಯುವುದು ಅವರ ಕೆಲಸ. ಮುರುಕು ಕುರ್ಚಿಯೊಂದು ಅವರ ಕೈಗೆ ಸಿಕ್ಕರೆ ಸಾಕು, "ಕಾಲನೊಡನೆ ಕಾದಾಡಿ ಒಂದು ಕಾಲನ್ನೇ ತ್ಯಾಗ ಮಾಡಿದ ವೀರಾಸನ" ಆಗಿಬಿಡುತ್ತಿತ್ತು! ಈ ಸಲ ಅವರ ಪಾಲಿಗೆ ಬಂದದ್ದು ಎರಡನೇ ಮಹಾಯುದ್ಧಕ್ಕೂ ಮುಂಚಿನ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ತೆರೆದ ನೆತ್ತಿ, ಎರಡೇ ಸೀಟು, ಮಾಗಿದ ನೇರಳೆಯ ಬಣ್ಣ. ಅಂಥವು ಭೂಮಿಯ ಮೇಲೆ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಸಂಗ್ರಾಹಕರಿಗೆಂದು ಅಚ್ಚಾದ ಹೊತ್ತಗೆಯಲ್ಲಿ ರಾಯರು ಕೊನೆಯ ಸಾಲನ್ನು ಹೀಗೆ ಸಿಡಿಸಿದ್ದರು: "ಒಮ್ಮೆ ಕೂತವರು ಇದರಿಂದ ಏಳಲೊಲ್ಲರು!"

"ನೀವು ಕೂತು ನೋಡಿದೀರಾ?" ಎಂದಳು ಹೆಂಡತಿ, ಮಡಿಲು ಒರೆಸಿಕೊಳ್ಳುತ್ತ.

"ಬರೆಯೋನಿಗೆ ಕೂರೋ ಅಗತ್ಯ ಇಲ್ಲ ಕಣೇ. ಕಲ್ಪನೆ ಇದ್ರೆ ಸಾಕು."

"ಹಾಗಾದ್ರೆ ಫೋಟೋನೂ ಕಲ್ಪನೆ ಮಾಡ್ಕೊಳ್ಳಿ."

ಅದಾಗುವಂತಿರಲಿಲ್ಲ. ಅವಳ ತಮ್ಮ ಹೊಸ ಕಾರು ಕೊಂಡಿದ್ದ. ಕಾರಿಗೆ ಒರಗಿದ ತಮ್ಮ, ಕಾರಿನ ಬಾಗಿಲು ತೆರೆದ ತಮ್ಮ, ತೆರೆದದ್ದನ್ನು ಮುಚ್ಚಿದ ತಮ್ಮ, ಹೀಗೆ ವಾರದಿಂದ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳ ಸುರಿಮಳೆ. ಎಲ್ಲದರ ಕೊನೆಗೆ ಒಂದು ಸಾಲು: "ಭಾವ, ನಿಮ್ದು ಯಾವಾಗ?" ಆ ಸಾಲು ರಾಯರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಅವರಲ್ಲಿದ್ದದ್ದು ಒಂದು ಸ್ಕೂಟರು. ಅದಕ್ಕೂ ಇಳಿಜಾರಿನಲ್ಲಿ ಮಾತ್ರ ಹುರುಪು.

ಕಂಪನಿಯ ಧಣಿಗಳ ಕಟ್ಟಪ್ಪಣೆ ಬೇರೆ ಇತ್ತು. "ಆ ಕಾರನ್ನ ಯಾರೂ ಮುಟ್ಟಕೂಡದು. ಒಂದು ಗೀರು ಬಿತ್ತೋ, ನಾಳೆಯಿಂದ ನೀವು ಮನೇಲಿ ಕೂತು ನಿಮ್ಮ ಮನೆಯವರನ್ನೇ ವರ್ಣನೆ ಮಾಡ್ತಿರ್ಬೇಕು!"

ಇಲ್ಲಿ ರಾಯರ ಹೊಟ್ಟೆಯ ಬಗ್ಗೆ ಒಂದು ಮಾತು. ಅದು ವೈದ್ಯರ ಮಾತನ್ನೂ ಕೇಳುತ್ತಿರಲಿಲ್ಲ, ದರ್ಜಿಯ ಮಾತನ್ನೂ ಕೇಳುತ್ತಿರಲಿಲ್ಲ. ಆದರೆ ಕ್ಯಾಮೆರಾ ಕಂಡರೆ ಮಾತ್ರ, ಹೆಡ್‌ಮಾಸ್ತರರನ್ನು ಕಂಡ ಪೋಕರಿಯಂತೆ ಸದ್ದಿಲ್ಲದೆ ಒಳಕ್ಕೆ ಓಡಿಬಿಡುತ್ತಿತ್ತು. ಮದುವೆಯ ಆಲ್ಬಮ್ಮಿನಿಂದ ಹಿಡಿದು ನಿನ್ನೆಮೊನ್ನೆಯ ಗುಂಪು ಚಿತ್ರದವರೆಗೆ ಎಲ್ಲದರಲ್ಲೂ ರಾಯರು ಸಪೂರ, ಮುಖ ಮಾತ್ರ ಕೆಂಪು.

ಭಾನುವಾರ ಬೆಳಿಗ್ಗೆ, ಹರಾಜಿಗೆ ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ದಂಪತಿ ಹರಾಜಿನ ಹಜಾರದೊಳಗೆ ನುಸುಳಿದರು. ಹೆಂಡತಿ ಫೋನು ಎತ್ತಿ ಹಿಡಿದಳು. ಹೊಟ್ಟೆ ಒಳಕ್ಕೆ ಓಡಿತು. ಉಸಿರು ಬಿಗಿಹಿಡಿದ ರಾಯರು ಸ್ಟೀರಿಂಗಿನ ಕೆಳಗೆ ಜಾರಿ ಮಹಾರಾಜನಂತೆ ಆಸೀನರಾದರು.

ಕ್ಲಿಕ್!

ರಾಯರು ಉಸಿರು ಬಿಟ್ಟರು. ಹೊಟ್ಟೆ ತನ್ನ ಜಾಗಕ್ಕೆ ಮರಳಿತು. ಆದರೆ ಅಷ್ಟರಲ್ಲಿ ಆ ಜಾಗದಲ್ಲಿ ಸ್ಟೀರಿಂಗು ಬಿಡಾರ ಹೂಡಿತ್ತು!

"ಸಾಕು, ಏಳಿ."

"ಏಳ್ತೀನಿ."

"ಏಳಿ ಮತ್ತೆ!"

"ಏಳ್ತಾ ಇದೀನಲ್ಲ!"

"ಎಲ್ಲಿ?"

"ಒಳಗೊಳಗೇ!"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಫೋನು ಹಿಡಿದ ಕೈಯೂ ಕುಲುಕಿ ಕುಲುಕಿ ನಕ್ಕಿತು. ರಾಯರು ಎಡಕ್ಕೆ ಹೊರಳಿದರು, ಬಲಕ್ಕೆ ಕೊಸರಿದರು. ಅಷ್ಟು ಹೊತ್ತಿಗೆ ಮೆಕ್ಯಾನಿಕ್ಕಿನೊಂದಿಗೆ ಧಣಿಗಳು ಒಳಗೆ ಬಂದರು. ಕಾರನ್ನು ನೋಡಿದರು. ಕಾರಿನೊಳಗಿನ ಸರಕನ್ನೂ ನೋಡಿದರು.

"ಸ್ಟೀರಿಂಗ್ ಬಿಚ್ಚಿದ್ರೆ ಒಂದು ನಿಮಿಷದ ಕೆಲಸ ಸಾರ್," ಎಂದ ಮೆಕ್ಯಾನಿಕ್.

"ಬಿಚ್ಚೋದಾ!" ಧಣಿಗಳು ಕಿರುಚಿದರು. "ಅದರ ಮೇಲೆ ಕಾರ್ಖಾನೆಯವರು ಹಾಕಿದ ಸೀಲಿದೆ ಕಣಯ್ಯಾ! ಇವತ್ತಿನವರೆಗೂ ಒಡೆದಿಲ್ಲ. ಒಡೆದ್ರೆ ಯಾರು ಕೊಳ್ತಾರೆ?"

"ಮತ್ತೆ ಇವ್ರು?"

"ಇವ್ರೇನು ಒರಿಜಿನಲ್ಲಾ? ಇವ್ರನ್ನೇ ಬಿಚ್ಚು!"

ಮೆಕ್ಯಾನಿಕ್ ಸ್ಪಾನರು ಹಿಡಿದು ರಾಯರನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದ. ಬಿಚ್ಚುವಂಥದ್ದು ಶರ್ಟಿನ ಗುಂಡಿ ಬಿಟ್ಟರೆ ಏನೂ ಕಾಣಲಿಲ್ಲ.

"ಹೊಟ್ಟೆ ಒಳಗೆ ಎಳ್ಕೊಳ್ರೀ!"

ರಾಯರು ಎಳೆದುಕೊಳ್ಳಲು ಹೋದರು. ಆದರೆ ಭಯಕ್ಕೆ ಗಾಳಿ ನುಂಗಿ ನುಂಗಿ ಹೊಟ್ಟೆ ಇನ್ನಷ್ಟು ಉಬ್ಬಿತು. ಧಣಿಗಳ ಒಂದೊಂದು ಕೂಗಿಗೂ ಅದು ಒಂದೊಂದು ಸುತ್ತು ಬೆಳೆಯಿತು. ಹೊರಗೆ ಸಂಗ್ರಾಹಕರ ಕಾರುಗಳು ಬಂದು ನಿಂತ ಸದ್ದು!

ಧಣಿಗಳು ಅಲಂಕಾರಕ್ಕೆಂದು ಇಟ್ಟಿದ್ದ ಹಳೇ ಕಾಲದ ಚರ್ಮದ ಟೋಪಿಯನ್ನೂ ದಪ್ಪ ಕನ್ನಡಕವನ್ನೂ ರಾಯರ ತಲೆಗೆ ಮೆತ್ತಿದರು. "ಬೊಂಬೆ ಥರ ಕೂತಿರಿ. ಅಲ್ಲಾಡಿದ್ರೋ, ಕೆಲಸ ಹೋಯ್ತು!" ಎಂದು ಹಲ್ಲು ಕಡಿದು, ಕಾರನ್ನೂ ರಾಯರನ್ನೂ ಸೇರಿಸಿ ಮಖಮಲ್ಲಿನ ಬಟ್ಟೆ ಮುಚ್ಚಿದರು.

ಸ್ವಲ್ಪ ಹೊತ್ತಿನಲ್ಲೇ ಬಟ್ಟೆ ಸರಿಯಿತು. ಚಪ್ಪಾಳೆಯೋ ಚಪ್ಪಾಳೆ.

"ಬೊಂಬೆ ಎಷ್ಟು ಸಹಜವಾಗಿದೆ!" ಎಂದರು ಒಬ್ಬರು.

"ಎಲ್ಲಿ ಸಹಜ? ಹೊಟ್ಟೆ ಅತಿ ಮಾಡ್ಬಿಟ್ಟಿದಾರೆ," ಎಂದರು ಇನ್ನೊಬ್ಬರು.

ಕಡ್ಡಿಯಂಥ ಒಬ್ಬ ಹಿರಿಯ ಹೆಂಗಸು ಊರುಗೋಲು ಟಕಟಕ ಅನ್ನಿಸುತ್ತ ಹತ್ತಿರ ಬಂದರು. "ಒಳಗೆ ಏನು ತುಂಬಿದಾರೆ, ಹತ್ತಿನಾ?" ಎಂದು ಕೋಲಿನ ತುದಿಯಿಂದ ಹೊಟ್ಟೆಯನ್ನು ತಿವಿದರು.

"ಅಯ್ಯಯ್ಯೋ!" ಎಂದಿತು ಬೊಂಬೆ.

ಹಜಾರದ ಜನವೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಹಾರಿದರು. ಆಕೆ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ಇದನ್ನ ಇಳಿಸಿ. ಕೂತು ನೋಡದೆ ನಾನು ಕೊಳ್ಳೋಳಲ್ಲ."

ಧಣಿಗಳ ಮುಖ ಸುಣ್ಣ ಬಳಿದಂತಾಯಿತು. ಕನ್ನಡಕದ ಹಿಂದೆ ರಾಯರ ಕಣ್ಣು ತುಂಬಿ ಬಂತು. ಇನ್ನು ಮನೆಯಲ್ಲಿ ಕೂತು ಹೆಂಡತಿಯ ವರ್ಣನೆಯೇ ಗತಿ!

ಆಗ ಮೂಲೆಯಲ್ಲಿ ನಿಂತಿದ್ದ ಆ ಹೆಂಡತಿಯೇ ಮುಂದೆ ಬಂದು ಮೆಕ್ಯಾನಿಕ್ಕಿಗೆ ಕಣ್ಸನ್ನೆ ಮಾಡಿ, ಫೋನು ಎತ್ತಿ ಹಿಡಿದಳು. "ರೀ! ಇಲ್ನೋಡಿ! ಫೋಟೋ!"

ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋದೀತು? ಹೊಟ್ಟೆ ಓಡಿದ್ದೇ ಓಡಿದ್ದು! ಆ ಗಳಿಗೆಯಲ್ಲೇ ಮೆಕ್ಯಾನಿಕ್ ಕಂಕುಳಿಗೆ ಕೈಕೊಟ್ಟು ಎಳೆದ. ಬಾಟಲಿಯ ಬಿರಡೆಯಂತೆ ಪುಸಕ್ಕನೆ ಹೊರಬಂದ ರಾಯರು ಧಣಿಗಳ ಮೇಲೆ ಬಿದ್ದರು. ಧಣಿಗಳು ಮೊದಲು ನೋಡಿದ್ದು ಕಾರನ್ನು. ಸೀಲು ಭದ್ರ. ಒಂದು ಗೀರೂ ಇಲ್ಲ. ಗೀರು ಬಿದ್ದದ್ದೆಲ್ಲ ರಾಯರಿಗೆ.

ಹಿರಿಯ ಹೆಂಗಸು ಚಾಕುವನ್ನು ಒರೆಗೆ ಸೇರಿಸಿದಷ್ಟು ಸಲೀಸಾಗಿ ಕಾರಿನೊಳಗೆ ಕೂತರು. ಕಣ್ಣು ಮುಚ್ಚಿ ಸ್ಟೀರಿಂಗು ಸವರಿದರು. "ಕೂತವರು ಏಳಲೊಲ್ಲರು ಅಂತ ಓದಿ ಮನೇಲಿ ನಕ್ಕಿದ್ದೆ. ಸಾಕ್ಷಿ ಸಮೇತ ತೋರಿಸ್ತೀರಿ ಅಂದ್ಕೊಂಡಿರ್ಲಿಲ್ಲ. ಆಯ್ತು, ಯಾರು ಎಷ್ಟೇ ಕೂಗಲಿ, ಕಾರು ನಂದು."

ಕೆಲಸ ಉಳಿಯಿತು. ಸಂಜೆ ಮನೆ ಸೇರಿದ ರಾಯರಿಗೆ ಮತ್ತೆ ಮೀಸೆ ತಿರುವುವ ಹುರುಪು ಬಂತು.

"ಗುಂಪಿಗೆ ಫೋಟೋ ಹಾಕಿದ್ಯಾ?"

"ಹಾಕ್ದೆ."

"ಹೊಟ್ಟೆ ಉರ್ಕೊಂಡ್ನಾ ನಿನ್ನ ತಮ್ಮ?"

ಹೆಂಡತಿ ಫೋನು ಚಾಚಿದಳು. ರಾಯರು ನೋಡಿದರು. ಅದು ಮೊದಲ ಕ್ಲಿಕ್ಕಿನ ಮಹಾರಾಜನ ಫೋಟೋ ಅಲ್ಲ! ಆಮೇಲೆ, ನಗುವಿನಲ್ಲಿ ಕೈ ಕುಲುಕುವಾಗ ಅವಳ ಬೆರಳು ಒತ್ತಿಬಿಟ್ಟಿದ್ದ ಫೋಟೋ. ಅದರ ಕೆಳಗೆ ತಮ್ಮ ಬರೆದಿದ್ದ:

"ಅಕ್ಕ, ಕಾರು ಸೂಪರ್! ಆ ಕಾಲಕ್ಕೇ ಏರ್‌ಬ್ಯಾಗ್ ಇತ್ತಾ? ಪಾಪ, ಪೂರ್ತಿ ತೆರ್ಕೊಂಡ್ಬಿಟ್ಟಿದೆಯಲ್ಲ! ಅದರ ಹಿಂದೆ ಭಾವ ಕ್ಷೇಮ ತಾನೇ?"